ಹಸುಗಳನ್ನು ಕರೆದವಳು

ಪಂತ್‌ಗ್ಲಾಸ್, ಲಾನ್ವೆಗ್
೯ ಮಾರ್ಚ್ ೧೯೫೩

ಶ್ರೀಮತಿ ನೆಸ್ಟಾ ಪ್ರಾಸರ್ ಅವರಿಗೆ,

ನಾನು ಟೆಗ್ವೆನ್, ಇದ್ವಾಲನ ತಂಗಿ. ಮೂವತ್ತೊಂದು ವರ್ಷದ ಮೇಲೆ ನನ್ನ ಕಾಗದ ಕಂಡು ಯಾರೋ ಸತ್ತರೆಂದು ಗಾಬರಿಯಾಗಬೇಡಿ. ಯಾರೂ ಸತ್ತಿಲ್ಲ.

ನಿಮ್ಮ ವಿಳಾಸ ಸಿಕ್ಕಿದ್ದು ಬಿತ್ತನೆ ಬೀಜ ಮಾರುವ ಏಜೆಂಟನಿಂದ. ಸ್ಕಾರ್ಬರೊದಲ್ಲಿ ಸಮುದ್ರದ ಕಡೆಯ ಒಂದು ಮನೆಯಲ್ಲಿ ಇಳಿದುಕೊಂಡಿದ್ದನಂತೆ. ಬಾಗಿಲ ಮೇಲೆ ಪ್ರಾಸರ್ ಎಂದು ಬರೆದಿತ್ತಂತೆ, ಮನೆಯೊಡತಿ ಒಲೆಯ ಮುಂದೆ ನಿಂತು ನಮ್ಮ ಕಡೆಯ ಮಾತಿನಲ್ಲಿ ಬೆಕ್ಕನ್ನು ಬೈಯುತ್ತಿದ್ದಳಂತೆ. ಅದು ನೀವೇ ಎಂದು ನನಗೆ ಆಗಲೇ ತಿಳಿಯಿತು. ಹೆಸರು ಬದಲಿಸಿಕೊಂಡಿಲ್ಲ ಎಂಬುದೂ ತಿಳಿಯಿತು.

ವಿಷಯವೇನೆಂದರೆ, ಇದು ರಾಣಿಯ ಪಟ್ಟಾಭಿಷೇಕದ ವರ್ಷ. ಪ್ರತಿ ಊರಿನವರೂ ಏನಾದರೊಂದು ಮಾಡುತ್ತಿದ್ದಾರೆ. ಪಕ್ಕದೂರಿನವರು ಬಸ್ ನಿಲ್ದಾಣಕ್ಕೆ ಬೆಂಚು ಹಾಕಿಸಿದರು. ನಮ್ಮವರಿಗೆ ಬೆಂಚು ಸಾಲಲಿಲ್ಲ. ಆಗಸ್ಟ್ ಮೊದಲ ಶನಿವಾರ ಕೆರೆಯ ಪಕ್ಕದ ಗದ್ದೆಯಲ್ಲಿ ಮಿಸ್ಟರ್ ಥ್ರೇಲ್ ಬರೆದ ಒಪೆರಾ ಆಡಬೇಕೆಂದು ಚಾಪೆಲ್ಲಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ತೀರ್ಮಾನವಾಗಿದೆ. 'ನೀರಿನಿಂದ ಬಂದವಳು' ಹುಟ್ಟಿದ್ದು ಇಲ್ಲಿ, ಹಾಡಿದವರು ನಾವು, ಹೆಸರು ಮಾತ್ರ ಲಂಡನ್ನಿನದಾಯಿತು ಎಂಬ ಸಿಟ್ಟು ಇನ್ನೂ ಇದೆ.

ಆಡಿಸುತ್ತಿರುವವರು ಶಾಲೆಯ ಹೊಸ ಟೀಚರ್ ಮಿಸ್ ರೊನ್ವೆನ್. ಈಗಿನವರಿಗೆ ಕಥೆಯೇ ಗೊತ್ತಿಲ್ಲ. ಮೊದಲ ದಿನ ಎಲ್ಲರನ್ನೂ ಕೂರಿಸಿ ಹೇಳಿದರು: ಕೆರೆಯಿಂದ ಒಬ್ಬ ಹೆಣ್ಣು ತನ್ನ ಹಸುಗಳ ಸಮೇತ ಎದ್ದು ಬರುತ್ತಾಳೆ, ರೈತನನ್ನು ಮದುವೆಯಾಗುತ್ತಾಳೆ, ಕಾರಣವಿಲ್ಲದೆ ಗಂಡನ ಮೂರನೇ ಏಟು ಬಿದ್ದ ದಿನ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದುಕೊಂಡು ನೀರಿಗೆ ವಾಪಸಾಗುತ್ತಾಳೆ. ಕೇಳಿ ನಮ್ಮ ಕಮ್ಮಾರನ ಮಗಳು, "ಮೊದಲನೇ ಏಟಿಗೇ ಹೋಗ್ಬಾರದಿತ್ತಾ?" ಎಂದಳಂತೆ.

ತೊಂದರೆ ಇರುವುದು ಆ ಕರೆಯಲ್ಲಿ. ಅಚ್ಚಾದ ಪುಸ್ತಕದಲ್ಲಿ ಆ ಜಾಗದಲ್ಲಿ ಸ್ವರಗಳಿಲ್ಲ. 'ಹಸುಗಳನ್ನು ಕರೆಯುತ್ತಾಳೆ' ಎಂದಷ್ಟೇ ಇದೆ. ಅದು ನೀವು ಕಟ್ಟಿದ ರಾಗ. ಊರಲ್ಲಿ ಯಾರಿಗೂ ನೆನಪಿಲ್ಲ. ಒಂದು ದಿನ ಬಂದು ಹೇಳಿಕೊಟ್ಟರೆ ಉಪಕಾರವಾಗುತ್ತದೆ. ಬಸ್ಸು ಈಗ ಚಾಪೆಲ್ಲಿನವರೆಗೂ ಬರುತ್ತದೆ.

ಇಂತಿ,
ಟೆಗ್ವೆನ್ ಪ್ರಾಸರ್


ಸ್ಕಾರ್ಬರೊ
೨೦ ಮಾರ್ಚ್ ೧೯೫೩

ಟೆಗ್ವೆನ್,

ನಾನು ಬೈಯುತ್ತಿದ್ದದ್ದು ಬೆಕ್ಕನ್ನಲ್ಲ, ಆ ಬೀಜದ ಏಜೆಂಟನನ್ನೇ. ಬೂಟು ಕಳಚದೆ ಮೆಟ್ಟಿಲು ಹತ್ತಿದ್ದ. ಅವನಿಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ.

ನೀನು ನನ್ನನ್ನು ಶ್ರೀಮತಿ ಎಂದು ಬರೆದದ್ದನ್ನು ನೋಡಿದೆ. ಹತ್ತೊಂಬತ್ತರ ಹುಡುಗಿ ಅತ್ತಿಗೆ ಅತ್ತಿಗೆ ಎಂದು ನನ್ನ ಬೆನ್ನು ಹಿಡಿದು ತಿರುಗುತ್ತಿದ್ದವಳು. ಇರಲಿ. ಅದಕ್ಕೆ ನಾನೇ ದಾರಿ ಮಾಡಿಕೊಟ್ಟೆ.

ಈ ನಾಟಕ ಯಾರಿಗೆ ಬೇಕಾಗಿದೆ? ಲಂಡನ್ನಿನಲ್ಲಿ ಇನ್ನೂರು ರಾತ್ರಿ ಮೀರಿ ನಡೆಯಿತು. ಹಾಲಿನ ಗಾಡಿಯವರು ಅದನ್ನೇ ಶಿಳ್ಳೆ ಹೊಡೆಯುತ್ತಿದ್ದರು. ಈಗ ನನ್ನ ಮನೆಗೆ ಬರುವ ಅತಿಥಿಗಳಲ್ಲಿ ಒಬ್ಬರಿಗೂ ಹೆಸರು ಗೊತ್ತಿಲ್ಲ. ಹೋದ ವರ್ಷ ಪಿಯಾನೊ ನುಡಿಸುವವನೊಬ್ಬ ಉಳಿದುಕೊಂಡಿದ್ದ. ಕೇಳಿದರೆ, "ಓ ಅದಾ, ಬರೀ ಮಂಜು, ಬರೀ ನಿಟ್ಟುಸಿರು" ಅಂದ. ಅವನಿಗೆ ಬೆಳಗಿನ ತಿಂಡಿಗೆ ಸೀದ ಬ್ರೆಡ್ ಕೊಟ್ಟೆ. ಆದರೆ ಅವನು ಪೂರ್ತಿ ಸುಳ್ಳು ಹೇಳಲಿಲ್ಲ. ಲಂಡನ್ನಿನಲ್ಲಿ ಅದು ಮಂಜೇ ಆಗಿಬಿಟ್ಟಿತ್ತು. ನಮ್ಮೂರಲ್ಲಿ ಪರದೆ ಇರಲಿಲ್ಲ, ಚಾಪೆಲ್ಲಿನ ಹಾಡುಗಾರರೇ ನೀಲಿ ಶಾಲು ಹೊದ್ದು ಕೆರೆಯಾಗಿ ಮಂಡಿಯೂರುತ್ತಿದ್ದರು. ಅವರ ನಡುವೆ ದಾರಿ ಬಿಡಿಸಿಕೊಂಡು ನಾನು ಹೋದ ಹಾಗೆ ಹಿಂದೆ ನೀರು ಮುಚ್ಚಿಕೊಳ್ಳುತ್ತಿತ್ತು. ಲಂಡನ್ನಿನಲ್ಲಿ ಬಣ್ಣದ ಬಟ್ಟೆ, ಹೊಗೆ, ನೆಲದಲ್ಲೊಂದು ಕಿಂಡಿ. ನಾನು ಪ್ರತಿ ರಾತ್ರಿ ಆ ಕಿಂಡಿಯೊಳಗಿಳಿದು ಕೆಳಗೆ ಹಾಕಿಟ್ಟ ಹಾಸಿಗೆಯ ಮೇಲೆ ಬೀಳುತ್ತಿದ್ದೆ.

ಈಸ್ಟರ್ ಬರುತ್ತಿದೆ, ಕೋಣೆಗಳೆಲ್ಲ ತುಂಬಿವೆ. ಬರಲಾಗುವುದಿಲ್ಲ.

ಒಂದು ಕೇಳಲೇಬೇಕು. ಈ ಕಾಗದ ಬರೆಯಲು ಹೇಳಿದವರು ಯಾರು? ಲಂಡನ್ನಿನಿಂದ ನಾನು ನಿಮ್ಮಣ್ಣನಿಗೆ ಎರಡು ಕಾಗದ ಬರೆದೆ. ಉತ್ತರ ಬರಲಿಲ್ಲ. ಉತ್ತರ ಬರೆಯದವರು ಈಗ ತಂಗಿಯ ಕೈಯಲ್ಲಿ ಬರೆಸುತ್ತಿದ್ದರೆ ಅದು ನನಗೆ ಗೊತ್ತಾಗಬೇಕು.

ನೆಸ್ಟಾ


ಪಂತ್‌ಗ್ಲಾಸ್
೨ ಏಪ್ರಿಲ್ ೧೯೫೩

ನೆಸ್ಟಾ ಅವರಿಗೆ,

ಅಣ್ಣ ಬರೆಸಿದ್ದಲ್ಲ. ನಾನು ಬರೆದದ್ದು ಅವನಿಗೆ ಗೊತ್ತೇ ಇಲ್ಲ. ಅವನು ಕಾಗದ ಬರೆಯುವವನಲ್ಲ ಎಂಬುದು ನಿಮಗೆ ತಿಳಿದದ್ದೇ. ನಿಮ್ಮ ಎರಡು ಕಾಗದ ಬಂದಾಗ ಓದಿದ, ಒಲೆಯ ಮೇಲಿನ ಹಲಗೆಯಲ್ಲಿದ್ದ ಕಪ್ಪಿನೊಳಗಿಟ್ಟ. ಉತ್ತರ ಬರೆ ಎಂದರೆ, "ಬರೋದಿದ್ರೆ ಅವಳಿಗೆ ದಾರಿ ಗೊತ್ತು. ಕರೆದ್ರೆ ಕರೆದದ್ದಕ್ಕೆ ಬಂದ ಹಾಗಾಗುತ್ತೆ" ಎಂದ. ನಾನೇ ಬರೆಯಲು ಹೊರಟರೆ ಶಾಯಿ ದೌತಿಯನ್ನು ಕಪಾಟಿನ ಮೇಲಿಟ್ಟ. ನನ್ನ ಕೈಗೆ ಅದು ಎಟುಕುತ್ತಿರಲಿಲ್ಲ.

ಈಸ್ಟರ್‌ಗೆ ಆಗದಿದ್ದರೆ ಬೇಡ, ಜೂನ್ ಇದೆ, ಜುಲೈ ಇದೆ.

ಇಲ್ಲಿ ಎಲ್ಲ ಮಾಮೂಲು. ಸಕ್ಕರೆ ಇನ್ನೂ ರೇಷನ್ ಕಾರ್ಡಿನ ಮೇಲೆ. ಹಟ್ಟಿಯಲ್ಲಿ ಈಗ ಹನ್ನೊಂದು ಹಸು. ಮೈಯೆಲ್ಲ ಚುಕ್ಕೆಯ ಬ್ರಿಥೆನ್ ಮೊನ್ನೆ ಕರು ಹಾಕಿದಳು. ನಿಮಗೆ ಗೊತ್ತಿದ್ದ ಬ್ರಿಥೆನ್ ಅಲ್ಲ, ಅವಳ ಮಗಳ ಮಗಳ ಮಗಳೋ ಏನೋ. ನಮ್ಮಲ್ಲಿ ಹೆಸರು ತಾಯಿಯಿಂದ ಕರುವಿಗೆ ಇಳಿಯುತ್ತದಲ್ಲ. ಪೆನ್ವೆನ್, ಸೆರೆನ್, ಮುಯ್ನೆನ್, ಎಲ್ಲ ಹೆಸರೂ ಹಟ್ಟಿಯಲ್ಲೇ ಇವೆ. ಮಿಸ್ ರೊನ್ವೆನ್ ನಾಟಕಕ್ಕೆ ಅವೇ ಹೆಸರು ಬೇಕೆಂದು ಕೇಳಿದರು. ಬೇರೆಯವರ ಹಟ್ಟಿಯ ಹೆಸರನ್ನು ಕೇಳದೆ ಕೂಗಬಾರದೆಂಬುದು ಆ ಪೇಟೆಯ ಹುಡುಗಿಗೂ ತಿಳಿದಿದೆ. ಅಣ್ಣ ಆಗಲಿ ಎಂದ. ಅಷ್ಟು ಹೇಳಿ ಬೇಲಿ ಕಟ್ಟಲು ಹೋದ.

ನಾಟಕದ ಅಭ್ಯಾಸ ಗುರುವಾರ ಸಂಜೆ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ. ಮೂರು ಏಟಿನ ಭಾಗಕ್ಕೆ ಬಂದಾಗಲೆಲ್ಲ ಹಿಂದಿನ ಸಾಲಿನವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಅದು ಹೇಗೆಂದು ನಿಮಗೆ ಗೊತ್ತೇ ಇದೆ, ಜನ ಮರೆಯುವುದಿಲ್ಲ.

ಬನ್ನಿ. ಒಂದೇ ದಿನ.

ಟೆಗ್ವೆನ್


ಸ್ಕಾರ್ಬರೊ
೧೦ ಏಪ್ರಿಲ್ ೧೯೫೩

ಟೆಗ್ವೆನ್,

ನನಗೇನು ಗೊತ್ತಿದೆ? ಜನ ಏನು ಮರೆತಿಲ್ಲ?

ನಾನು ಗಂಡನನ್ನು ಬಿಟ್ಟು ಹೋದವಳು. ಒಂದು ಚಳಿಗಾಲ ಹಾಡಿ ವಸಂತಕ್ಕೆ ವಾಪಸಾಗುತ್ತೇನೆ ಎಂದು ಹೇಳಿ ಹೋದೆ. ನಾಟಕ ನಿಲ್ಲಲಿಲ್ಲ, ನಾನೂ ನಿಲ್ಲಿಸಲಿಲ್ಲ. ಆಮೇಲೆ ಯಾವ ಮುಖ ಹೊತ್ತು ಬರಲಿ ಎಂದು ಬರಲಿಲ್ಲ. ನನ್ನನ್ನು ಬೈದರೆ ಬೈಯಲಿ, ಅದು ನ್ಯಾಯ, ಮೂವತ್ತು ವರ್ಷದಿಂದ ಅದನ್ನು ಎಣಿಸಿಕೊಂಡೇ ಕೂತಿದ್ದೇನೆ. ಆದರೆ ಮೂರು ಏಟಿಗೂ ಹಿಂದಿನ ಸಾಲಿಗೂ ಏನು ಸಂಬಂಧ?

ನೀನು ಚಿಕ್ಕಂದಿನಲ್ಲೂ ಹೀಗೆಯೇ, ಅರ್ಧ ಹೇಳಿ ಅಡುಗೆಮನೆಗೆ ಓಡುತ್ತಿದ್ದೆ. ಪೂರ್ತಿ ಬರೆ.

ನೆಸ್ಟಾ


ಪಂತ್‌ಗ್ಲಾಸ್
೧೬ ಏಪ್ರಿಲ್ ೧೯೫೩

ಅತ್ತಿಗೆ,

ನಿಮಗೆ ಗೊತ್ತೇ ಇಲ್ಲವೆಂದು ನನಗೆ ಹೊಳೆದೇ ಇರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೀರೆಂದು ಇಷ್ಟು ವರ್ಷ ನಿಮ್ಮ ಮೇಲೆ ಹಲ್ಲು ಕಡಿಯುತ್ತಿದ್ದೆ. ಶ್ರೀಮತಿ ಎಂದು ಬರೆದದ್ದು ಅದಕ್ಕೇ.

ಈ ಊರಿನವರು ಅಣ್ಣ ನಿಮಗೆ ಹೊಡೆದ ಎಂದು ನಂಬಿದ್ದಾರೆ. ಮೂರು ಸಲ.

ನಗಬೇಡಿ. ಹೇಗೆ ಎಂದು ಹೇಳುತ್ತೇನೆ. ಎರಡು ವರ್ಷ ಊರಿಗೆ ಊರೇ ಆ ನಾಟಕ ಹಾಡಿತ್ತು. ಹಾಲು ಕರೆಯುವಾಗ ಅದೇ, ಬಟ್ಟೆ ಒಗೆಯುವಾಗ ಅದೇ. ಹೆಂಡತಿ ಮನೆ ಬಿಟ್ಟು ಹೋಗುವ ಕಥೆ ಈ ಜನಕ್ಕೆ ಅದೊಂದೇ ಗೊತ್ತಿದ್ದದ್ದು. ಆ ಪಾತ್ರ ಹಾಡಿದವಳೇ ಒಂದು ದಿನ ಪೆಟ್ಟಿಗೆ ಹಿಡಿದು ರೈಲು ಹತ್ತಿದಳು. ಕೇಳಿದರೆ ಗಂಡ ಬಾಯಿ ಬಿಡುವುದಿಲ್ಲ. ಮತ್ತೇನು ಬೇಕು? ಅಂಚೆ ಮನೆಯ ಮಾರ್ಗೆಡ್ ಲೆಕ್ಕ ಹಾಕಲು ಕೂತಳು. ನಾಟಕದಲ್ಲಿ ಮೊದಲ ಏಟು ಮದುವೆ ಮನೆಯಲ್ಲಿ. ಕ್ಯಾಡ್ವಾನನ ಮದುವೆಯ ದಿನ ಕುದುರೆ ನಿಲ್ಲುತ್ತಿಲ್ಲ, ಬೇಗ ಗಾಡಿ ಹತ್ತು ಎಂದು ಅಣ್ಣ ನಿಮ್ಮ ಭುಜ ತಟ್ಟಿದ್ದನಲ್ಲ, ಅದು ಒಂದು. ಎರಡನೆಯದು ಸಾವಿನ ಮನೆಯಲ್ಲಿ. ಗಿರಣಿಯ ಮುದುಕ ಸತ್ತಾಗ ನಿಮಗೆ ನಗು ಬಂತು, ಅಣ್ಣ ಕೈಗವಸಿನಿಂದ ಮೊಣಕೈಗೆ ತಿವಿದ. ಅದು ಎರಡು. ಮೂರನೆಯದಕ್ಕೆ ಸಾಕ್ಷಿ ಸ್ಟೇಷನ್ನಿನಲ್ಲಿ ಎಲ್ಲರೂ ಕಂಡ ನಿಮ್ಮ ಮುಂಗೈಯ ಬಟ್ಟೆ ಕಟ್ಟು. ಕಥೆ ಎಷ್ಟು ಸರಿಯಾಗಿ ಕೂತಿತೆಂದರೆ, ನಾನೂ ಒಂದು ವಾರ ಅಣ್ಣನ ಕೈಗಳನ್ನೇ ನೋಡುತ್ತಿದ್ದೆ.

ಆ ವರ್ಷ ಅವನನ್ನು ಚಾಪೆಲ್ಲಿನ ಹಿರಿಯರಲ್ಲಿ ಒಬ್ಬನನ್ನಾಗಿ ಆರಿಸುವುದೆಂದು ಮಾತಾಗಿತ್ತು. ಮಾತು ಅಲ್ಲಿಗೇ ನಿಂತಿತು. ಅವನ ದಪ್ಪ ದನಿ ಇಲ್ಲದೆ ಹಾಡು ಸೊರಗಿದರೂ ಯಾರೂ ಹಾಡಲು ಕರೆಯಲಿಲ್ಲ. ಸಂತೆಯಲ್ಲಿ ಅವನು ಹಾದುಹೋದರೆ ಬೆನ್ನ ಹಿಂದೆ ಮೂರು ಬೆರಳು ಎತ್ತುತ್ತಾರೆ. ಮೊದಲು ಎತ್ತಿದವರು ಮುದುಕರಾದರು, ಈಗ ಅವರ ಮಕ್ಕಳು ಎತ್ತುತ್ತಾರೆ, ಯಾಕೆಂದು ಕೂಡ ಅವರಿಗೆ ಸರಿಯಾಗಿ ತಿಳಿದಿಲ್ಲ.

ನಾನು ಜಗಳವಾಡಿದೆ. ನೀನು ಬಾಯಿ ಬಿಟ್ಟು ಹೇಳು, ಹೊಡೆದಿಲ್ಲ ಎನ್ನು ಎಂದೆ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಾನು ಹೊಡೆದಿಲ್ಲ ಅಂದ್ರೆ ಮತ್ತೆ ಯಾಕೆ ಹೋದ್ಲು ಅಂತ ಕೇಳ್ತಾರೆ. ಹಾಡೋಕೆ ಹೋದ್ಲು ಅಂದ್ರೆ ಅವಳನ್ನ ಬಿಡ್ತಾರಾ? ನನ್ನನ್ನೇ ಬೈಲಿ ಬಿಡು. ನಾನಾದ್ರೆ ಇಲ್ಲೇ ಇರೋನು, ತಡ್ಕೋತೀನಿ. ಅವಳು ಒಂದಿನ ಬಂದ್ರೆ ತಲೆ ಎತ್ಕೊಂಡು ಬರ್ಬೇಕು."

ಊರ ಬಾಯಿಗೆ ಮುಚ್ಚಳವಿಲ್ಲ, ನಿಜ. ಆದರೆ ಕಾಲ ಕಳೆದ ಹಾಗೆ ಬಾಯಿ ತಾನಾಗಿ ಸೋಲುತ್ತದೆ ಎಂದು ಕಾದಿದ್ದೆ. ಸೋಲುತ್ತಲೂ ಇತ್ತು. ಅಷ್ಟರಲ್ಲಿ ಈ ನಾಟಕ ಮತ್ತೆ ಎದ್ದಿತು. ಆಗಸ್ಟಿನಲ್ಲಿ ಇಡೀ ಊರು ಆ ಮೂರು ಏಟನ್ನು ಮತ್ತೆ ಎಣಿಸುತ್ತದೆ, ಅವನ ಹಸುಗಳ ಹೆಸರನ್ನೇ ಹಿಡಿದು. ಅವನಿಗೆ ಅರವತ್ತಮೂರು. ಎದೆ ಸರಿಯಿಲ್ಲವೆಂದು ಕಾರ್ಮಾರ್ಥೆನ್ನಿನ ಡಾಕ್ಟರು ಹೇಳಿದ್ದಾರೆ. ಆ ಮೂರು ಬೆರಳನ್ನು ಹೊತ್ತುಕೊಂಡೇ ಅವನು ಮಣ್ಣಿಗೆ ಹೋಗುವುದನ್ನು ನಾನು ನೋಡಲಾರೆ.

ನಾನು ಹೇಳಿದರೆ ತಂಗಿಯಲ್ಲವೇ ಎಂದು ನಂಬುವುದಿಲ್ಲ. ನಂಬಿದರೆ ನಿಮ್ಮ ಮಾತನ್ನು ನಂಬುತ್ತಾರೆ. ಅದಕ್ಕೇ ಬರೆದೆ.

ಟೆಗ್ವೆನ್


ಸ್ಕಾರ್ಬರೊ
೩೦ ಮೇ ೧೯೫೩

ಟೆಗ್ವೆನ್,

ಆರು ವಾರ ಉತ್ತರ ಬರೆಯಲಿಲ್ಲ. ಬರೆಯಲು ಕೂತೆ, ಹರಿದೆ, ಮತ್ತೆ ಕೂತೆ. ಅತಿಥಿಗಳಿಗೆ ಚಹಾದಲ್ಲಿ ಉಪ್ಪು ಹಾಕಿ ಕೊಟ್ಟೆ.

ನಾನು ಇಷ್ಟು ವರ್ಷ ಏನು ತಿಳಿದಿದ್ದೆ ಗೊತ್ತೆ? ಊರಿನವರೆಲ್ಲ ಇದ್ವಾಲ್ ಪಕ್ಷ, ಪಾಪ ಒಳ್ಳೆಯ ಗಂಡ, ಹೆಂಡತಿಯೇ ಕೆಟ್ಟವಳು ಎಂದು ಅವರಿಗೆ ಎರಡು ಹೊತ್ತು ಸಾರು ತಂದುಕೊಡುತ್ತಿದ್ದಾರೆ ಎಂದು. ಆ ಯೋಚನೆಯಲ್ಲಿ ನನಗೆ ಒಂದು ಬಗೆಯ ಸಮಾಧಾನವೂ ಇತ್ತು. ಅವರು ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದ ಎಂದುಕೊಂಡೆ. ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಬರುತ್ತೇನೆ. ಜುಲೈ ಹನ್ನೊಂದು, ಶನಿವಾರ. ನಾಟಕದ ದಿನಕ್ಕಲ್ಲ, ಅಭ್ಯಾಸಕ್ಕೆ. ಆ ದಿನ ಅಭ್ಯಾಸ ಇಡಲು ನಿಮ್ಮ ಟೀಚರಿಗೆ ಹೇಳು. ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತೇನೆ. ಕರೆಯ ರಾಗವನ್ನು ಹೇಳಿಕೊಡುತ್ತೇನೆ, ಹೇಳಬೇಕಾದ್ದನ್ನು ಹೇಳುತ್ತೇನೆ.

ಒಂದು ಷರತ್ತು. ನಾನು ಬರುವುದನ್ನು ಅವರಿಗೆ ಹೇಳಬೇಡ. ಅವರು ಕೆಳಗೆ ಚಾಪೆಲ್ಲಿನ ಕಡೆ ಬರದಂತೆ ನೋಡಿಕೋ. ಊರ ಮುಂದೆ ನಿಂತು ಮಾತಾಡುವ ಧೈರ್ಯ ನನಗಿದೆ. ಅವರ ಮುಂದೆ ನಿಲ್ಲುವಷ್ಟು ಇಲ್ಲ.

ನೆಸ್ಟಾ


ಪಂತ್‌ಗ್ಲಾಸ್
೮ ಜೂನ್ ೧೯೫೩

ಅತ್ತಿಗೆ,

ಹಾಗೇ ಆಗಲಿ. ಅಣ್ಣನನ್ನು ಹಿಡಿದಿಡಬೇಕಾದರೆ ನಾನೂ ಮನೆಯಲ್ಲೇ ಇರಬೇಕು, ಕೆಳಗೆ ನಿಮ್ಮ ಜೊತೆ ನಿಲ್ಲಲಾಗುವುದಿಲ್ಲ. ಕೊಟ್ಟಿಗೆಯ ಮಾಡು ಸೋರುತ್ತಿದೆ ಎಂದು ಏಣಿ ಹತ್ತಿಸುತ್ತೇನೆ. ಸೋರುತ್ತಿಲ್ಲ, ಆದರೆ ನಾನು ಎರಡು ಹಂಚು ಸರಿಸಿದರೆ ಸೋರುತ್ತದೆ.

ಮಾರ್ಗೆಡ್ ಬದುಕಿದ್ದಾಳೆ. ಎಂಬತ್ತೊಂದು. ಕಿವಿ ಮಂದವಾಗಿದೆ, ನಾಲಗೆ ಆಗಿಲ್ಲ. ಅವಳ ಕಿವಿಗೆ ಬಿದ್ದರೆ ಸಾಕು, ಬೇರೆ ಯಾರಿಗೂ ಹೇಳುವ ಅಗತ್ಯವಿಲ್ಲ.

ಟೆಗ್ವೆನ್


ಸ್ಕಾರ್ಬರೊ
೧೫ ಜುಲೈ ೧೯೫೩

ಟೆಗ್ವೆನ್,

ಸುಳ್ಳಿ.

ಊರಲ್ಲಿ ಯಾರಿಗೂ ರಾಗ ನೆನಪಿಲ್ಲ ಎಂದು ನೀನು ಬರೆದಿದ್ದೆ. ಬಸ್ಸಿಳಿದು ಚಾಪೆಲ್ಲಿನ ಹಿಂದಿನ ಕೋಣೆಗೆ ಹೋದೆ. ನಿಮ್ಮ ಮಿಸ್ ರೊನ್ವೆನ್ ಒಳ್ಳೆಯ ಹುಡುಗಿ, ಕೈ ಕುಲುಕಿದ ಕೂಡಲೆ ಕುರ್ಚಿ ಹಾಕಿದಳು. ನಾನು ಮೊದಲೇ ನಿಜ ಹೇಳಿಬಿಡೋಣ ಎಂದುಕೊಂಡೆ, ನಿನಗೂ ಹೇಳದ ನಿಜ. ಇಪ್ಪತ್ತೆರಡು ವರ್ಷದ ಹಿಂದೆ ಗಂಟಲಿಗೆ ಆಪರೇಷನ್ ಆಯಿತು, ಅಂದಿನಿಂದ ನಾನು ಹಾಡಿಲ್ಲ, ಮಾತೂ ತುಕ್ಕು ಹಿಡಿದ ಗೇಟಿನ ಹಾಗೆ ಬರುತ್ತದೆ. ಹಾಡಿ ತೋರಿಸಲಾರೆ, ತಾಳ ತಟ್ಟಿ ಹೆಸರುಗಳನ್ನು ಹೇಳಬಲ್ಲೆ, ಅಷ್ಟರಿಂದ ಹಿಡಿದುಕೊಳ್ಳಬೇಕು ಎಂದೆ. ಆ ಹುಡುಗಿ ಕಣ್ಣರಳಿಸಿ, "ಅಯ್ಯೋ, ರಾಗ ನಮಗೆ ಬರುತ್ತಲ್ಲ ಮೇಡಂ. ಪಂತ್‌ಗ್ಲಾಸ್ ಮನೆ ಇದ್ವಾಲ್ ದಿನಾ ಸಂಜೆ ಹಸುಗಳನ್ನ ಕೂಗಿ ಕರೆಯೋದು ಅದರಲ್ಲೇ. ಈ ಕಣಿವೇಲಿ ಎಲ್ಲರೂ ಚಹಾಕ್ಕೆ ನೀರಿಡೋದು ಅದು ಕೇಳಿದ ಮೇಲೆ" ಎಂದಳು.

ನಾನು ಕುರ್ಚಿಯಲ್ಲಿ ಕೂತೆ. ನೀರು ತಂದುಕೊಟ್ಟರು. ದೂರದ ಪ್ರಯಾಣ, ದಣಿವು ಎಂದರು.

ಅಭ್ಯಾಸವಾದ ಮೇಲೆ ಚಹಾ ಕೊಟ್ಟರು. ಯಾರ ಯಾರ ಸಕ್ಕರೆಯ ಪಾಲೋ, ಒಣದ್ರಾಕ್ಷಿಯ ಬ್ರೆಡ್ಡು ಮಾಡಿದ್ದರು. ಮಾರ್ಗೆಡ್ ಕೋಲೂರಿಕೊಂಡು ಬಂದು ಪಕ್ಕದಲ್ಲೇ ಕೂತಳು. ನನ್ನ ಮುಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಸವರಿದಳು, ಇನ್ನೂ ನೋಯುತ್ತದೇನೋ ಎಂಬಂತೆ. "ಒಳ್ಳೇ ಕೆಲಸ ಮಾಡಿದೆ ಕಣೇ ಮಗಳೇ ಹೋಗಿ. ಮೂರನೇದು ಯಾರು ತಾನೆ ತಡ್ಕೋತಾರೆ" ಎಂದಳು. ಕಿವುಡಿಯ ದನಿ, ಕೋಣೆಯೆಲ್ಲ ಕೇಳಿತು. ಕಪ್ಪು ಬಸಿಗಳ ಸದ್ದು ನಿಂತಿತು.

ನಾನು ಎದ್ದು ನಿಂತೆ. ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡು ಬಂದಿದ್ದೆ, ಒಂದು ಅಕ್ಷರವೂ ನೆನಪಾಗಲಿಲ್ಲ.

"ಅವರು ನನ್ನ ಮೇಲೆ ಕೈ ಎತ್ತಿಲ್ಲ. ಒಂದು ಸಲಾನೂ ಇಲ್ಲ. ನಾನು ಹಾಡೋಕೆ ಹೋದೆ. ಆಸೆ ಆಯ್ತು, ಹೋದೆ. ಅವರು ಬೇಡ ಅನ್ಲಿಲ್ಲ" ಎಂದೆ.

ಮಾರ್ಗೆಡ್ ಬಿಡುವವಳಲ್ಲ. "ಮತ್ತೆ ಕೈಗೆ ಕಟ್ಟಿದ ಬಟ್ಟೆ?" ಎಂದಳು.

"ಬ್ರಿಥೆನ್ ಒದ್ದದ್ದು. ಹಾಲು ಕರೀವಾಗ."

"ಹಸುವಾ?"

"ಹಸು."

ಅವಳು ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ಮನೆಮನೆಗೆ ಹಂಚಿದ ಸರಕು ಅದು, ಒಂದೇ ಗಳಿಗೆಯಲ್ಲಿ ವಾಪಸು ತೆಗೆದುಕೊಳ್ಳುವುದು ಸುಲಭವಲ್ಲ. ಕೊನೆಗೆ ನನ್ನ ಕೈ ಬಿಟ್ಟಳು, ಅಷ್ಟೆ. ಆಮೇಲೆ ಹಿಂದಿನ ಸಾಲಿನಲ್ಲಿದ್ದ ಕಮ್ಮಾರ ಎದ್ದು ಟೋಪಿ ತೆಗೆದುಕೊಂಡು ಹೊರಗೆ ಹೋದ. ಅವನು ಸಂತೆಯಲ್ಲಿ ಬೆರಳು ಎತ್ತುವವನಿರಬೇಕು. ಮುಖ ನೋಡಿದರೆ ತಿಳಿಯುತ್ತಿತ್ತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಮ್ಮ ಮನೆಯ ಓಣಿಯಲ್ಲಿ ಗೇಟಿನವರೆಗೆ ಬಂದೆ. ಅದಕ್ಕಿಂತ ಮುಂದೆ ಬರುವುದಿಲ್ಲ ಎಂದು ಮೊದಲೇ ನನ್ನಷ್ಟಕ್ಕೆ ಹೇಳಿಕೊಂಡಿದ್ದೆ. ಐದು ಗಂಟೆಗೆ ಅವರು ಕರೆದರು. ಬ್ರಿಥೆನ್, ಪೆನ್ವೆನ್, ಸೆರೆನ್, ಮುಯ್ನೆನ್. ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆನೋ ಅಲ್ಲೇ ಅವರೂ ಉಸಿರು ತೆಗೆದುಕೊಂಡರು. ಲಂಡನ್ನಿನವರು ನನ್ನ ಕರೆಗೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಆದರೆ ಅಲ್ಲಿ ಒಂದು ಹಸುವೂ ಬಂದಿರಲಿಲ್ಲ. ಇಲ್ಲಿ ಹನ್ನೊಂದೂ ಬಂದವು.

ನಾನು ಅತ್ತುಬಿಟ್ಟೆ, ಟೆಗ್ವೆನ್. ಗೇಟು ಹಿಡಿದುಕೊಂಡು ಅತ್ತೆ. ಆಮೇಲೆ ಬಸ್ಸು ಹತ್ತಿದೆ.

ನೆಸ್ಟಾ


ಪಂತ್‌ಗ್ಲಾಸ್
೪ ಆಗಸ್ಟ್ ೧೯೫೩

ಅತ್ತಿಗೆ,

ಹೌದು, ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ನೀವು ಬರುತ್ತಿರಲಿಲ್ಲ. ನೀವೂ ಗಂಟಲಿನ ವಿಷಯ ಮುಚ್ಚಿಟ್ಟಿರಿ, ಇಬ್ಬರದೂ ಸರಿಹೋಯಿತು.

ನೀವು ಹೋದ ಮೇಲೆ ನಡೆದದ್ದನ್ನು ಬರೆಯುತ್ತೇನೆ. ಯಾರೂ ಬಂದು ತಪ್ಪಾಯಿತು ಎನ್ನಲಿಲ್ಲ. ಈ ಊರಿನಲ್ಲಿ ಆ ವಾಡಿಕೆಯಿಲ್ಲ. ಆದರೆ ಸೋಮವಾರ ಕಮ್ಮಾರ ಬಂದು ಕರೆಯದೆಯೇ ಹೊಲದ ಗೇಟಿನ ಕೀಲು ಸರಿಮಾಡಿ ಹೋದ. ಬುಧವಾರ ಮಾರ್ಗೆಡ್ ಮೊಮ್ಮಗಳ ಕೈಯಲ್ಲಿ ಬೆಣ್ಣೆ ಕಳಿಸಿದಳು. ಹಟ್ಟಿಯಲ್ಲಿ ಹನ್ನೊಂದು ಹಸುವಿರುವ ಮನೆಗೆ ಬೆಣ್ಣೆ! ಸಂತೆಯಲ್ಲಿ ಯಾವನೋ ಹೊರಗಿನ ಊರಿನವನು ರೂಢಿಯಂತೆ ಮೂರು ಬೆರಳು ಎತ್ತಿದನಂತೆ, ಪಕ್ಕದಲ್ಲಿದ್ದ ನಮ್ಮೂರಿನವನು ಅವನ ಕೈಯನ್ನು ಹಿಡಿದು ಕೆಳಗಿಳಿಸಿದನಂತೆ. ಅಣ್ಣನಿಗೆ ಇದೆಲ್ಲ ಯಾಕೆಂದು ಅರ್ಥವಾಗಲಿಲ್ಲ ಎಂದುಕೊಂಡೆ. ಅವನು ಬೆಣ್ಣೆ ನೋಡಿ, "ಯಾರಾದ್ರೂ ಸತ್ರಾ?" ಎಂದ, ಅಷ್ಟೆ.

ಆಮೇಲೆ ಪಾದ್ರಿಗಳೇ ಬಂದರು. ಕೆರೆಗೆ ದಪ್ಪ ದನಿಯವರು ಸಾಲುತ್ತಿಲ್ಲ, ಇದ್ವಾಲ್, ಬರಬೇಕು ಎಂದರು. ಅವನು ಕೊಟ್ಟಿಗೆಯ ಮಾಡು ಸೋರುತ್ತಿದೆ ಎಂದ. ನಾನೇ ಹಂಚು ಸರಿಸಿದ್ದು ಎಂದು ಹೇಳಿಬಿಟ್ಟೆ. ನನ್ನ ಮುಖ ನೋಡಿದ. ಪಾದ್ರಿಗಳು ಹೋದ ಮೇಲೆ, "ಆವತ್ತು ಗೇಟಿನ ಹತ್ರ ಅವಳು ನಿಂತಿದ್ಲು" ಎಂದ.

ಕಂಡೆಯಾ ಎಂದೆ. ಏಣಿಯ ಮೇಲಿಂದ ಇಳಿಯುವಾಗಲೇ ಕಂಡೆ ಎಂದ. ಮತ್ತೆ ಯಾಕೆ ಕರೆಯಲಿಲ್ಲ ಎಂದರೆ, "ಕರೀತಾನೇ ಇದ್ನಲ್ಲ" ಎಂದ.

ಮೊನ್ನೆ ಶನಿವಾರ ನಾಟಕವಾಯಿತು. ಬೆಳಿಗ್ಗೆ ಮೋಡವಿತ್ತು, ಮಧ್ಯಾಹ್ನ ತಿಳಿಯಾಯಿತು. ಪಿಯಾನೊವನ್ನು ಹುಲ್ಲಿನ ಗಾಡಿಯ ಮೇಲಿಟ್ಟಿದ್ದರು. ಅಕ್ಕಪಕ್ಕದ ಊರಿನವರೆಲ್ಲ ಬಂದಿದ್ದರು, ಲಂಡನ್ನಿನಿಂದ ಯಾರೂ ಬರಲಿಲ್ಲ. ಮಿಸ್ ರೊನ್ವೆನ್ ಚೆನ್ನಾಗಿ ಹಾಡಿದರು, ನಿಮ್ಮಷ್ಟಲ್ಲ. ಮೂರನೇ ಏಟಿನ ಹೊತ್ತಿಗೆ ನಾನು ಹಿಂದೆ ತಿರುಗಿ ಜನರನ್ನೇ ನೋಡುತ್ತಿದ್ದೆ. ಎಲ್ಲರೂ ಆಟವನ್ನೇ ನೋಡುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡಿಕೊಳ್ಳಲಿಲ್ಲ.

ಅಣ್ಣ ನೀಲಿ ಶಾಲು ಹೊದ್ದು ಹಿಂದೆ ಅವನಿದ್ದ ಜಾಗದಲ್ಲೇ ಇದ್ದ, ಕಟ್ಟಕಡೆಯ ಅಲೆ. ನಿಮಗೆ ನೆನಪಿದೆಯಲ್ಲ, ಅವಳು ದಾಟಿ ಹೋದ ಕೂಡಲೆ ಒಬ್ಬೊಬ್ಬರೂ ಪಕ್ಕದವರ ಭುಜಕ್ಕೆ ಭುಜ ತಾಗಿಸಿ ದಾರಿ ಮುಚ್ಚಬೇಕು, ಕೊನೆಯವನು ಮುಚ್ಚಿದ ಮೇಲೆ ಪಿಯಾನೊ ನಿಲ್ಲಬೇಕು. ಎಲ್ಲರೂ ಮುಚ್ಚಿದರು. ಅಣ್ಣ ಅಲ್ಲಾಡಲಿಲ್ಲ. ಮಂಡಿಯೂರಿದಲ್ಲೇ ಕೂತಿದ್ದ, ಅವನ ಪಕ್ಕದಲ್ಲಿ ಒಬ್ಬರು ಹಾದುಹೋಗುವಷ್ಟು ಜಾಗ ತೆರೆದೇ ಇತ್ತು. ಪಿಯಾನೊದವಳು ಕಾದಳು, ಮತ್ತೊಂದು ಸುತ್ತು ನುಡಿಸಿದಳು, ಆಮೇಲೆ ಬೇರೆ ದಾರಿಯಿಲ್ಲದೆ ನಿಲ್ಲಿಸಿದಳು. ಪಾಪ ಮುದುಕ, ಮರೆತ ಎಂದು ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬರುವ ದಾರಿಯಲ್ಲಿ ನಾನು ಗದರಿದೆ. ಅಷ್ಟು ಚೆನ್ನಾಗಿ ಆದದ್ದನ್ನು ಕೊನೆಯಲ್ಲಿ ಕೆಡಿಸಿದೆಯಲ್ಲ, ಮುಚ್ಚಬೇಕೆಂದು ಪುಸ್ತಕದಲ್ಲೇ ಇದೆ ಎಂದೆ.

"ಗೊತ್ತು. ಆಗ ನಾನೇ ತಾನೆ ಮುಚ್ಚಿದ್ದು" ಎಂದ. ಸ್ವಲ್ಪ ದೂರ ನಡೆದ ಮೇಲೆ, "ಮುಚ್ಚಿದ್ರೆ ಅವಳು ಬರೋದು ಹೇಗೆ?" ಎಂದ.

ಶಾಯಿ ದೌತಿಯನ್ನು ಅವನೇ ಕಪಾಟಿನಿಂದ ಇಳಿಸಿ ನನ್ನ ಮುಂದಿಟ್ಟು ಹಾಲು ಕರೆಯಲು ಹೋಗಿದ್ದಾನೆ. ಏನು ಬರೆಯಬೇಕೆಂದು ಹೇಳಲಿಲ್ಲ. ಹಾಗಾಗಿ ಇಷ್ಟೆಲ್ಲ ನಾನೇ ಬರೆದೆ.

ನಿಮ್ಮ
ಟೆಗ್ವೆನ್


ಸ್ಕಾರ್ಬರೊ
೧೦ ಆಗಸ್ಟ್ ೧೯೫೩

ಟೆಗ್ವೆನ್,

ಬೇಸಿಗೆಯ ಅತಿಥಿಗಳು ಸೆಪ್ಟೆಂಬರ್ ಮೊದಲ ವಾರಕ್ಕೆ ಖಾಲಿಯಾಗುತ್ತಾರೆ. ಹನ್ನೆರಡು, ಶನಿವಾರ, ಮಧ್ಯಾಹ್ನದ ರೈಲಿಗೆ ಬಂದಿಳಿಯುತ್ತೇನೆ. ಸ್ಟೇಷನ್ನಿಗೆ ಯಾರೂ ಬರಬೇಕಾಗಿಲ್ಲ, ಬಸ್ಸಿದೆ, ಓಣಿಯೂ ಗೊತ್ತಿದೆ. ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಬಂದಿರುತ್ತೇನೆ. ಬ್ರಿಥೆನ್ ಇನ್ನೂ ಒದೆಯುತ್ತಾಳೋ ಏನೋ, ನನಗೆ ಬೇರೆ ಹಸು ಕೊಡಿ.

ಈ ಸಲ ಅವರಿಗೆ ಹೇಳು.

ನಿನ್ನ ಅತ್ತಿಗೆ